ಅಡಿಕೆ ಬಿಲ್ಲಿನಲ್ಲಿ ಸೇವ್‌ಪಾಯಿಂಟ್

ಹೊನ್ನಾವರದ ಕಡೆಯ ಬೆಳೆಗಾರರೊಬ್ಬರು ಕುಮಟೆಯ ಮಾರುಕಟ್ಟೆಗೆ ಚಾಲಿ, ಕೋಕಾ, ಚಿಪ್ಪು ಮೂರೂ ಬಗೆಯ ಅಡಿಕೆ ತಂದಿದ್ದಾರೆ ಎನ್ನಿ. ಒಂದೊಂದಕ್ಕೆ ಒಂದೊಂದು ದರ, ಬೇರೆ ಬೇರೆ ಖರೀದಿದಾರರು. ಭಟ್ಕಳದಿಂದ ಕುಮಟೆಯವರೆಗಿನ ತೋಟದ ಮನೆಯ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಈ ವ್ಯಾಪಾರವನ್ನು ಡೇಟಾಬೇಸಿಗೆ ಬರೆಯುವ ಪ್ರೋಗ್ರಾಮು ನಮ್ಮದು. ಪ್ರತಿ ಬಗೆಗೂ ಎರಡು ಕೆಲಸ: ದಾಸ್ತಾನಿನಿಂದ ತೂಕ ಕಳೆಯಬೇಕು, ಬೆಳೆಗಾರರ ಖಾತೆಗೆ ಹಣ ಜಮಾ ಮಾಡಬೇಕು. ನಡುವೆ ಕರೆಂಟು ಹೋದರೆ ಅವರಿಗೆ ಅಡಿಕೆಯೂ ಇಲ್ಲ, ದುಡ್ಡೂ ಇಲ್ಲ. ಅದಕ್ಕೇ ಟ್ರಾನ್ಸಾಕ್ಷನ್: ಬಿಗಿನ್ ಎಂದು ಶುರುಮಾಡಿ, ಎಲ್ಲ ಸರಿಹೋದರೆ ಕಮಿಟ್, ಇಲ್ಲದಿದ್ದರೆ ರೋಲ್‌ಬ್ಯಾಕ್.

ಚಾಲಿ ಬರೆದಾಯಿತು. ಕೋಕಾದ ಖರೀದಿದಾರರ ಕೋಡ್ ತಪ್ಪಿದೆ. ಪಟ್ಟಿಯಲ್ಲಿಲ್ಲದ ಕೋಡ್ ಒಪ್ಪದ ಫಾರಿನ್ ಕೀ ನಿಯಮ ತಡೆಯಿತು. ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ ಒಂದು ಆಜ್ಞೆ ಕೆಟ್ಟರೆ ಇಡೀ ಟ್ರಾನ್ಸಾಕ್ಷನ್ ಕೆಟ್ಟಂತೆ. ರೋಲ್‌ಬ್ಯಾಕ್ ಮಾಡುವವರೆಗೆ ಮುಂದಿನ ಯಾವ ಆಜ್ಞೆಯನ್ನೂ ಅದು ನಡೆಸುವುದಿಲ್ಲ. ಸರಿಯಾಗಿ ಬರೆದ ಚಾಲಿಯೂ ಹೋಯಿತು.

ಸೇವ್‌ಪಾಯಿಂಟ್ ಬೇಕಾಗುವುದು ಇಂಥಲ್ಲಿ. 1999ರ ಎಸ್‌ಕ್ಯೂಎಲ್ ಮಾನದಂಡದಲ್ಲಿ ಅದಿದೆ; ಪೋಸ್ಟ್‌ಗ್ರೆಸ್‌ಗೆ 2005ರಲ್ಲಿ 8.0 ಆವೃತ್ತಿಯೊಂದಿಗೆ ಬಂತು. ಕೋಕಾ ಬರೆಯುವ ಮೊದಲು ‘ಸೇವ್‌ಪಾಯಿಂಟ್ ಕೋಕಾ’ ಎಂದು ಗುರುತು ಹಾಕಿ. ತಪ್ಪಾದರೆ ‘ರೋಲ್‌ಬ್ಯಾಕ್ ಟು ಸೇವ್‌ಪಾಯಿಂಟ್ ಕೋಕಾ’. ಗುರುತಿನ ನಂತರ ಬರೆದದ್ದಷ್ಟೇ ಅಳಿಯುತ್ತದೆ. ಚಾಲಿ ಉಳಿಯುತ್ತದೆ, ಚಿಪ್ಪಿನತ್ತ ಸಾಗಬಹುದು. ತಪ್ಪಿಲ್ಲದಿದ್ದರೆ ‘ರಿಲೀಸ್’ ಎಂದು ಗುರುತು ತೆಗೆಯಿರಿ. ತೆಗೆದ ಮಾತ್ರಕ್ಕೆ ಬರೆದದ್ದು ಕಾಯಂ ಆಗಲಿಲ್ಲ, ಹೊರಗಿನ ಕಮಿಟ್ ಇನ್ನೂ ಬಾಕಿಯಿದೆ.

ಹೊಸಬರು ಇದರ ಬದಲು ಒಳಗೆ ಮತ್ತೊಂದು ಬಿಗಿನ್ ಬರೆಯುತ್ತಾರೆ. ಪೋಸ್ಟ್‌ಗ್ರೆಸ್ ಎಚ್ಚರಿಕೆ ಕೊಟ್ಟು ಸುಮ್ಮನಾಗುತ್ತದೆ. ಎಸ್‌ಕ್ಯೂಎಲ್ ಸರ್ವರ್ ತೆರೆದ ಟ್ರಾನ್ಸಾಕ್ಷನ್‌ಗಳ ಎಣಿಕೆಯನ್ನಷ್ಟೇ ಏರಿಸುತ್ತದೆ. ಅದರಲ್ಲಿ ಒಳಗೆ ಬರೀ ರೋಲ್‌ಬ್ಯಾಕ್ ಎಂದರೆ ಹೊರಗಿನದೂ ಸೇರಿ ಎಲ್ಲ ಅಳಿಯುತ್ತದೆ. ಮೈಎಸ್‌ಕ್ಯೂಎಲ್ ಅಂತೂ ಅಲ್ಲಿಯವರೆಗಿನದನ್ನು ಸದ್ದಿಲ್ಲದೆ ಕಮಿಟ್ ಮಾಡಿಬಿಡುತ್ತದೆ. ನನಗೆ ಹೆಚ್ಚು ಭಯ ಇದರದೇ. ಆದರೆ ಜಾಂಗೋ ಫ್ರೇಮ್‌ವರ್ಕಿನಲ್ಲಿ ಅಟಾಮಿಕ್ ಬ್ಲಾಕಿನ ಒಳಗೆ ಇನ್ನೊಂದು ಅಟಾಮಿಕ್ ಬರೆದಾಗ ನಡೆಯುವುದು ಸೇವ್‌ಪಾಯಿಂಟಿನ ಕೆಲಸವೇ.

ಆಜ್ಞೆಗಳನ್ನು ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು. ಗುರುತು ಎಲ್ಲಿ ಹಾಕಬೇಕೆಂಬುದಕ್ಕೆ ವ್ಯಾಪಾರ ಗೊತ್ತಿರಬೇಕು. ಕೋಕಾ ಬಿಟ್ಟು ಚಾಲಿ ಮಾರಾಟವಾಗಬಹುದು. ಹಣ ಬಿಟ್ಟು ತೂಕ ಹೋಗಬಾರದು. ಹಾಗಾಗಿ ಒಂದೇ ಬಗೆಯ ತೂಕ ಮತ್ತು ಹಣದ ನಡುವೆ ಗುರುತು ಬೇಡ. ಅಲ್ಲಿಗೆ ಮರಳಿ ಕಮಿಟ್ ಮಾಡಿದರೆ ಅರ್ಧ ಲೆಕ್ಕವೇ ಕಾಯಂ. ಕೋಕಾ ಬಿಟ್ಟುಹೋದದ್ದು ಬಿಲ್ಲಿನಲ್ಲಿ ಬೆಳೆಗಾರರಿಗೆ ಕಾಣಬೇಕು. ಆ ಸಾಲನ್ನು ಗುರುತಿಗೆ ಮರಳಿದ ಮೇಲೆ ಬರೆಯಿರಿ, ಮೊದಲೇ ಬರೆದರೆ ಅದೂ ಕೋಕಾದ ಜೊತೆ ಅಳಿಯುತ್ತದೆ.