ಅಳಿವೆಯ ಕೆಸರಿನ ಸೂಕ್ಷ್ಮಜೀವಿಗಳು

ಮಕ್ಕಳೇ, ಬೇಸಗೆಯ ರಜೆಯಲ್ಲಿ ಕಾರವಾರಕ್ಕೆ ಹೋದವರು ಕಾಳಿನದಿಯು ಅರಬ್ಬೀ ಸಮುದ್ರವನ್ನು ಸೇರುವ ಅಳಿವೆಯನ್ನು ಕಂಡಿರಬಹುದು. ಅದರ ತಳದ ಕೆಸರಿನಲ್ಲಿ ಫೊರಾಮಿನಿಫೆರಗಳೆಂಬ ಏಕಕೋಶಜೀವಿಗಳು ವಾಸಿಸುತ್ತವೆ. ಅವುಗಳಲ್ಲಿ ಅನೇಕವು ಮರಳಿನ ಕಣದಷ್ಟು ಸಣ್ಣವು. ಆದರೂ ಸುಣ್ಣದ ಚಿಪ್ಪನ್ನು ಕಟ್ಟಿಕೊಳ್ಳುತ್ತವೆ.

ಒಂದು ಕಿಲೋಗ್ರಾಂ ಕಡಲನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. ಬೇಸಗೆಯಲ್ಲಿ ಹೊಳೆಯ ಹರಿವು ಕ್ಷೀಣಿಸಲು, ಈ ಉಪ್ಪುನೀರು ಉಬ್ಬರದೊಡನೆ ಅಳಿವೆಯೊಳಕ್ಕೆ ದೂರ ನುಗ್ಗುತ್ತದೆ. ಉಪ್ಪನ್ನು ಬಯಸುವ ಜಾತಿಗಳು ವೃದ್ಧಿ ಹೊಂದುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯ ಪ್ರವಾಹವು ನೀರನ್ನು ಸಿಹಿಗೊಳಿಸಿ, ಹೊಸ ಹೂಳನ್ನು ಹರಡುತ್ತದೆ. ಆಗ ಅವು ಕುಗ್ಗುತ್ತವೆ. ಮಳೆ ಹಿಂದೆಗೆದ ಮೇಲೆ ಪುನಃ ಹೆಚ್ಚುತ್ತವೆ.

ಜೀವಿ ಸತ್ತರೂ ಚಿಪ್ಪು ಹೂಳಿನ ಪದರಗಳಲ್ಲಿ ಉಳಿಯಬಲ್ಲದು. ಅಂಥ ಚಿಪ್ಪುಗಳನ್ನು ಪರೀಕ್ಷಿಸಿ ವಿಜ್ಞಾನಿಗಳು ಗತಕಾಲದ ಮಳೆಯ ಏರಿಳಿತಗಳನ್ನು ಊಹಿಸುತ್ತಾರೆ. ಆದುದರಿಂದ ಅಳಿವೆಯನ್ನು ಮಲಿನಗೊಳಿಸಿದರೆ ಜೀವಿಗಳಷ್ಟೇ ಅಲ್ಲ, ಮುಂದಿನವರು ಓದಬೇಕಾದ ಮಳೆಯ ಲೆಕ್ಕವೂ ಕೆಡುವುದೆಂಬುದನ್ನು ಮರೆಯದಿರಿ.