ನೀರೇಕೆ ಕಾಯಲಿಲ್ಲ?

ಬಚ್ಚಲುಮನೆಯ ವಿದ್ಯುತ್ ಗೀಸರಿನ ಗುಂಡಿಯನ್ನೊತ್ತಿ ಅರ್ಧ ಗಂಟೆಯಾದರೂ ನೀರು ತಣ್ಣಗೇ ಇದೆಯೆನ್ನೋಣ. ದೋಷವೆಲ್ಲಿ? ಓಮನ ನಿಯಮವನ್ನು ಬಲ್ಲ ವಿದ್ಯಾರ್ಥಿಗೆ ಇದೊಂದು ಒಳ್ಳೆಯ ಲೆಕ್ಕ.

230 ವೋಲ್ಟಿನಲ್ಲಿ 2000 ವ್ಯಾಟ್ ಸಾಮರ್ಥ್ಯದ ಗೀಸರು ಸುಮಾರು 8.7 ಆಂಪಿಯರ್ ಪ್ರವಾಹವನ್ನು ಸೆಳೆಯುತ್ತದೆ. ಎಂದರೆ ಅದರ ಸುರುಳಿಯ ರೋಧ ಸುಮಾರು 26 ಓಮ್. 15 ಲೀಟರು ನೀರಿನ ಉಷ್ಣತೆಯನ್ನು 25ರಿಂದ 60 ಡಿಗ್ರಿ ಸೆಲ್ಸಿಯಸಿಗೆ ಏರಿಸಲು ಅದಕ್ಕೆ 20 ನಿಮಿಷ ಸಾಕು.

ಈಗ ನುರಿತ ಎಲೆಕ್ಟ್ರಿಷಿಯನ್ನನು ವಿದ್ಯುತ್ತನ್ನು ಪೂರ್ಣವಾಗಿ ಕಡಿದು, ತಂತಿಗಳನ್ನು ಬಿಡಿಸಿ, ಸುರುಳಿಯ ರೋಧವನ್ನು ಅಳೆಯಲಿ. 26 ಓಮ್ ಬಂದರೆ ಸುರುಳಿ ತುಂಡಾಗಿಲ್ಲ. ಫ್ಯೂಸು, ಥರ್ಮೋಸ್ಟಾಟು, ತಂತಿಯ ಜೋಡಣೆಗಳನ್ನು ಪರೀಕ್ಷಿಸಬೇಕು. ರೋಧ ಅಳತೆಗೆ ನಿಲುಕದಷ್ಟಾದರೆ ಸುರುಳಿ ತುಂಡಾಗಿದೆ. ಗಡಸು ನೀರು ಕಾದಾಗ ಕ್ಯಾಲ್ಸಿಯಂ ಕಾರ್ಬೊನೇಟು ಸುರುಳಿಯ ಕವಚದ ಮೇಲೆ ಪದರಗಟ್ಟುತ್ತದೆ. ಈ ಪದರ ಉಷ್ಣವನ್ನು ಸುಲಭವಾಗಿ ನೀರಿಗೆ ಬಿಟ್ಟುಕೊಡದು. ಒಳಗಿನ ಸುರುಳಿ ಅತಿಯಾಗಿ ಕಾದು ಬೇಗ ಕೆಡುತ್ತದೆ.

ಆದರೆ ನೀರನ್ನು ಕಾಯಿಸದ ಗೀಸರಿಗಿಂತ, ನೀರು ಕಾಯಿಸುತ್ತಲೇ ನಲ್ಲಿ ಮುಟ್ಟಿದ ಕೈಯನ್ನು ಜುಮ್ಮೆನ್ನಿಸುವ ಗೀಸರು ಹೆಚ್ಚು ಭಯಂಕರ. ಕವಚ ಬಿರಿದು ಪ್ರವಾಹ ಸೋರುತ್ತಿರಬಹುದು, ಭೂಸಂಪರ್ಕವೂ ತಪ್ಪಿರಬಹುದು. ಒದ್ದೆ ಮೈಯ ರೋಧ 1000 ಓಮಿಗೆ ಇಳಿದರೆ 230 ವೋಲ್ಟು ಅದರಲ್ಲಿ 0.23 ಆಂಪಿಯರ್ ಹರಿಸಬಲ್ಲದು. ಪ್ರಾಣಕ್ಕೆ ಇಷ್ಟೇ ಸಾಕು; ಆದರೆ 16 ಆಂಪಿಯರಿನ ಫ್ಯೂಸಿಗೆ ಇದು ಲೆಕ್ಕಕ್ಕೇ ಇಲ್ಲ! ಫ್ಯೂಸು ಕಾಯುವುದು ತಂತಿಯನ್ನು. ನಮ್ಮನ್ನು ಕಾಯುವುದು ಸರಿಯಾದ ಭೂಸಂಪರ್ಕ ಮತ್ತು 30 ಮಿಲಿಆಂಪಿಯರ್ ಸೋರಿಕೆಗೇ ಪ್ರವಾಹವನ್ನು ಕಡಿಯುವ ಸ್ವಿಚ್ಚು. ಇವೆರಡೂ ನಮ್ಮ ಮನೆಯಲ್ಲಿವೆಯೇ ಎಂದು ಇಂದೇ ವಿಚಾರಿಸೋಣ.