ಬಾಣ ಎಲ್ಲಿಂದ ಹೊರಟಿತು?

ಪುಟ್ಟಿ,

ಆರ್ಗ್ಯಾನಿಕ್ ಕೆಮಿಸ್ಟ್ರಿ ಎಷ್ಟು ಉರು ಹೊಡೆದರೂ ತಲೆಯಲ್ಲಿ ನಿಲ್ಲುತ್ತಿಲ್ಲ ಎಂದು ಬರೆದಿದ್ದೀಯ. ನೀನು ಕಳಿಸಿದ ನೋಟ್ಸಿನ ಹಾಳೆಯನ್ನು ಎರಡು ಸಲ ನೋಡಿದೆ. ಅಕ್ಷರ ದುಂಡಗಿದೆ, ಉತ್ತರಗಳೂ ಸರಿಯಾಗಿವೆ. ಆದರೆ ಆಲ್ಕೊಹಾಲಿಗೆ ಆಮ್ಲ ಸೇರುವ ಕಡೆ ನಿನ್ನ ಬಾಣ ಪ್ರೋಟಾನಿನಿಂದ ಹೊರಟು ಆಕ್ಸಿಜನ್ನಿಗೆ ಬಂದು ನಿಂತಿದೆ. ನಿನ್ನ ಕಷ್ಟವೆಲ್ಲ ಆ ಒಂದು ಬಾಣದಲ್ಲಿದೆ ಅನಿಸಿತು.

ಕೊಡಲು ಪ್ರೋಟಾನಿನ ಹತ್ತಿರ ಎಲೆಕ್ಟ್ರಾನ್ ಎಲ್ಲಿದೆ ಹೇಳು? ಜೋಡಿ ಇರುವುದು ಆಕ್ಸಿಜನ್ನಿನ ಮೇಲೆ. ಇದ್ದವರು ಕೊಡಬೇಕು, ಇಲ್ಲದವರು ಪಡೆಯಬೇಕು. ಬಾಗಿದ ಬಾಣವೆಂದರೆ ಎಲೆಕ್ಟ್ರಾನ್ ಜೋಡಿ ಸರಿದ ದಾರಿ. 1922ರಲ್ಲಿ ಕೆರ್ಮ್ಯಾಕ್ ಮತ್ತು ರಾಬಿನ್ಸನ್ ಇದನ್ನು ಬಳಕೆಗೆ ತಂದರು. ಬಿಡಿಬಿಡಿಯಾಗಿದ್ದ ಕ್ರಿಯೆಗಳಿಗೆಲ್ಲ ಒಂದು ಲಿಪಿ ಸಿಕ್ಕಿತು. ನೀನು ಉತ್ತರವನ್ನು ಮೊದಲು ಬರೆದು, ಬಾಣಗಳನ್ನು ಆಮೇಲೆ ಹಬ್ಬದ ತೋರಣದ ಹಾಗೆ ಕಟ್ಟುತ್ತಿದ್ದೀಯ.

ಡಿಗ್ರಿಯಲ್ಲಿ ನಾನೂ ಹಾಗೇ ಓದಿದವಳು. ಮೀಥೈಲ್ ಬ್ರೋಮೈಡಿಗೆ ಹೈಡ್ರಾಕ್ಸೈಡ್ ಹಿಂದಿನಿಂದ ಬಂದು ಸೇರುತ್ತದೆ ಎಂದು ಬಾಯಿಪಾಠ ಮಾಡಿದ್ದೆ. ಪರೀಕ್ಷೆಯಲ್ಲಿ ಟರ್ಷರಿ ಬ್ಯುಟೈಲ್ ಬ್ರೋಮೈಡ್ ಕೊಟ್ಟರು. ಅದಕ್ಕೂ ಅದನ್ನೇ ಬರೆದೆ. ಮೂರು ಮೀಥೈಲ್ ಗುಂಪುಗಳು ದಾರಿಗಡ್ಡ ನಿಂತಿರುವಾಗ ಹಿಂದಿನಿಂದ ಬರುವುದು ಹೇಗೆ? ಹೈಡ್ರಾಕ್ಸೈಡ್ ಪಕ್ಕದ ಇಂಗಾಲದ ಒಂದು ಹೈಡ್ರೋಜನ್ನನ್ನು ಪ್ರೋಟಾನಾಗಿ ಕಿತ್ತುಕೊಳ್ಳುತ್ತದೆ, ಬ್ರೋಮೈಡ್ ಕಳಚಿಕೊಳ್ಳುತ್ತದೆ, ಉಳಿಯುವುದು ಆಲ್ಕೀನ್. ಅಣುವಿನ ಆಕಾರವನ್ನು ಹಾಳೆಯ ಮೇಲೆ ಕಾಣುವುದು ಕಷ್ಟ ಪುಟ್ಟಿ, ಕೈಯಲ್ಲಿ ಹಿಡಿದರೆ ತಕ್ಷಣ ಕಾಣುತ್ತದೆ.

ಅದಕ್ಕೇ ಇವತ್ತು ಚಪಾತಿ ಹಿಟ್ಟಿನಲ್ಲಿ ಸ್ವಲ್ಪ ಎತ್ತಿಟ್ಟುಕೋ. ಒಂದು ಉಂಡೆಗೆ ನಾಲ್ಕು ಊದುಬತ್ತಿ ಕಡ್ಡಿಗಳನ್ನು ಚುಚ್ಚು: ಮೂರು ಮುಕ್ಕಾಲಿಯ ಕಾಲುಗಳ ಹಾಗೆ ಕೆಳಕ್ಕೆ, ಒಂದು ನೇರ ಮೇಲಕ್ಕೆ. ತುದಿಗೆ ನಾಲ್ಕು ಪುಟ್ಟ ಉಂಡೆ: ಒಂದಕ್ಕೆ ಅರಿಶಿನ, ಒಂದಕ್ಕೆ ಕುಂಕುಮ, ಒಂದಕ್ಕೆ ಕಾಫಿಪುಡಿ, ಒಂದು ಬಿಳಿ. ಕನ್ನಡಿಯಲ್ಲಿ ಅದು ಹೇಗೆ ಕಾಣುತ್ತದೋ ಹಾಗೇ ಇನ್ನೊಂದು ಮಾಡು. ಎಡಗೈ ಬಲಗೈಗಳ ಹಾಗೆ, ಎಷ್ಟು ತಿರುಗಿಸಿದರೂ ಒಂದರ ಮೇಲೊಂದು ಕೂರುವುದಿಲ್ಲ. ಕಾರ್ವೋನ್ ಎಂಬ ಅಣುವಿನ ಒಂದು ಕೈ ಸ್ಪಿಯರ್‌ಮಿಂಟ್ ಪುದೀನದಲ್ಲಿದೆ, ಇನ್ನೊಂದು ಕೈ ಸಬ್ಬಸಿಗೆ ಬೀಜದಲ್ಲಿದೆ. ಎರಡನ್ನೂ ಉಜ್ಜಿ ಮೂಸಿ ನೋಡು.

ಆಮೇಲೆ ಆ ನೋಟ್ಸಿನ ಹಾಳೆಯನ್ನು ಪುಸ್ತಕ ಮುಚ್ಚಿಟ್ಟು ಮತ್ತೆ ಬರೆ. ಪ್ರತಿ ಬಾಣಕ್ಕೂ ಮುಂಚೆ ಜೋಡಿಯ ಎರಡು ಚುಕ್ಕೆ, ಅಥವಾ ಅದು ಹೊರಡುವ ಬಂಧದ ಗೆರೆ, ಬರೆದುಕೋ. ಹಾಸ್ಟೆಲಿನ ಗೆಳತಿಗೆ ಕನ್ನಡದಲ್ಲೇ ವಿವರಿಸು. ಬಾಯಿ ತಡವರಿಸಿದ ಕಡೆ ಪೆನ್ಸಿಲಿನಿಂದ ಗುರುತು ಹಾಕಿ ನನಗೆ ಕಳಿಸು.

ನಿನ್ನ
ದೊಡ್ಡಮ್ಮ